ಬಾಗಿಲಂಚಿನ ಹಳದಿ ಚೀಟಿ

ಅಕ್ಟೋಬರ್ 8, ಮಂಗಳವಾರ, ಬೆಳಿಗ್ಗೆ ಒಂಬತ್ತು ಹತ್ತಕ್ಕೆ ವೇಡ್ ಕಾರಿಗನ್ ಬಲಗೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಕೆಟಲ್ ಬ್ಯೂಟ್ ಶೆರಿಫ್ ಠಾಣೆಗೆ ಬಂದ. ಮೇಜಿನ ಹಿಂದೆ ಕೂತಿದ್ದವಳು ಡೆಪ್ಯುಟಿ ಮಾರ್ಲಿಸ್ ಟ್ವೇಟ್. ಪೂರ್ವ ಮೊಂಟಾನಾದ ಆ ಕೌಂಟಿಯಲ್ಲಿ ಹದಿನಾಲ್ಕು ವರ್ಷ ನೌಕರಿ ಮಾಡಿದವಳಿಗೆ ವೇಡ್ ಏಕೆ ಬಂದನೆಂದು ಕೇಳುವ ಅಗತ್ಯವಿರಲಿಲ್ಲ. ಐದು ದಿನದ ಹಿಂದೆ ಸೇಜ್ ಕ್ರೀಕ್ ಇಳಿಜಾರಿನಲ್ಲಿ ಅವನ ಪಿಕಪ್‌ನಿಂದ ಕುದುರೆ ಟ್ರೇಲರ್ ಕಳಚಿ ಹಳ್ಳಕ್ಕೆ ಉರುಳಿತ್ತು. ಒಳಗೆ ಅವನು ಬಾಡಿಗೆಗೆ ಸಾಗಿಸುತ್ತಿದ್ದ ಡಾಲ್ಕೆ ರಾಂಚಿನ ಮೂರು ಕುದುರೆಗಳಲ್ಲಿ ಎರಡು ಸತ್ತಿದ್ದವು. ಜೂನಿಪರ್ ಎಂಬ ಕಂದು ಹೆಣ್ಣುಕುದುರೆ ಮಾತ್ರ ಕಾಲು ಹರಿದುಕೊಂಡು ಬದುಕಿತ್ತು.

"ಕೈ ಹೇಗಿದೆಯಪ್ಪ?" ಎಂದಳು ಮಾರ್ಲಿಸ್.

"ಕೈ ಹಾಳಾಗ್ಲಿ ಬಿಡಿ. ದೂರು ಬರ್ಕೊಳ್ಳಿ. ನನ್ನ ಗಾಡಿಯ ಚೀಟಿ ಯಾರೋ ಬದಲಾಯಿಸಿದ್ದಾರೆ."

"ಯಾವ ಚೀಟಿ?"

"ಇನ್ಯಾವುದು? ಬಾಗಿಲಂಚಿಂದು."

ಪಿಕಪ್‌ನ ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಕಾಣುವ ಹಳದಿ ಚೀಟಿ ಅದು. ಆ ಗಾಡಿ ಬೆನ್ನ ಮೇಲೆ ಎಷ್ಟು ಪೌಂಡ್ ಹೊರಬಹುದು ಎಂದು ಕಾರ್ಖಾನೆ ಬರೆದು ಅಂಟಿಸಿರುತ್ತದೆ. ಟ್ರೇಲರ್‌ನ ಕತ್ತು ಪಿಕಪ್‌ನ ಬೆನ್ನ ಮೇಲೆ ಊರುವುದರಿಂದ, ಜನ, ಸಾಮಾನು, ಕತ್ತಿನ ಭಾರ ಎಲ್ಲ ಸೇರಿ ಆ ಅಂಕಿಯೊಳಗಿರಬೇಕು. ಕೆಟಲ್ ಬ್ಯೂಟ್‌ನಲ್ಲಿ ತಮ್ಮ ಮದುವೆಯ ತಾರೀಖು ಮರೆತ ಗಂಡಸರುಂಟು, ಆ ಅಂಕಿ ಮರೆತವರಿಲ್ಲ.

"ನಂದು ನಾಲ್ಕು ಸಾವಿರದ ನೂರ ನಲವತ್ಮೂರು," ಎಂದ ವೇಡ್. "ಈಗ ಅಲ್ಲಿ ಎರಡು ಸಾವಿರದ ಏಳ್ನೂರ ಅರವತ್ತು ಅಂತಿದೆಯಂತೆ. ಕಿಪ್ ಅದನ್ನೇ ನೋಡಿ, ಅತಿಭಾರದಿಂದ ಅಪಘಾತ ಅಂತ ಬರೆದು ಕೈ ತೊಳ್ಕೊಂಡ. ಶುಕ್ರವಾರ ಸರ್ಕಾರಿ ವಕೀಲ ನನ್ನ ಮೇಲೆ ಕೇಸು ಹಾಕ್ತಾನಂತೆ. ಡಾಲ್ಕೆ ಅಮ್ಮ ಲಾಯದ ಕೀಲಿ ವಾಪಸ್ ಇಸ್ಕೊಂಡ್ರು. ನಾನು ಕುದುರೆ ಕೊಂದವನಂತೆ."

ಕಿಪ್ ಬ್ರಾನಕ್ ಹೆಸರು ಕೇಳಿದ ಕೂಡಲೇ ಮಾರ್ಲಿಸ್ ಪೆನ್ನು ಕೈಗೆತ್ತಿಕೊಂಡಳು. ಕಿಪ್ ಅವಳಿಗಿಂತ ಆರು ವರ್ಷ ಕಿರಿಯ. ಮಾರ್ಚ್‌ನಲ್ಲಿ ಸಾರ್ಜೆಂಟ್ ಪಟ್ಟಿ ಅವನ ತೋಳಿಗೇರಿತ್ತು. ಶೆರಿಫ್ ಆರಿನ್ ಸ್ಟ್ಯಾಡ್ಲರ್ ಎಲ್ಲರ ಮುಂದೆ ಅವನ ಬೆನ್ನು ತಟ್ಟಿದಾಗ ಅವಳೂ ಚಪ್ಪಾಳೆ ತಟ್ಟಿದ್ದಳು. ಅಂದಿನಿಂದ ಅವನು ಬರೆದ ಪ್ರತಿ ವರದಿಯಲ್ಲೂ ತಪ್ಪು ಹುಡುಕುವುದು ಅವಳ ಗುಟ್ಟಿನ ಚಟವಾಗಿಬಿಟ್ಟಿತ್ತು. ಈಗ ತಪ್ಪೇ ಕಾಲು ಬಂದಂತೆ ನಡೆದು ಮೇಜಿನ ಮುಂದೆ ಬಂದು ನಿಂತಿತ್ತು. ಅದಕ್ಕೇ ಅವಳಿಗೆ ತನ್ನ ಮೇಲೇ ಅನುಮಾನ ಬಂತು. ದೂರು ದಾಖಲಿಸಿ, 9:35 ಎಂದು ಸಮಯ ಬರೆದಳು.

11:20ಕ್ಕೆ ಠಾಣೆಯ ಹಿಂದಿನ ಅಂಗಳದಲ್ಲಿ, ಇಬ್ಬರು ಸಾಕ್ಷಿಗಳ ಎದುರು, ಜಪ್ತಾದ ಪಿಕಪ್‌ನ ಮಹಜರು ನಡೆಯಿತು. ಚೀಟಿಯ ಕೆಳಗಿನ ಮೂಲೆಯನ್ನು ಉಗುರಿನಲ್ಲಿ ಎತ್ತಿದರೆ, ಅಡಿಯಲ್ಲಿ ಹಳೆಯ ಚೀಟಿಯ ಹರಿದ ಅಂಚು ಸಿಕ್ಕಿತು. ಟ್ರೇಲರ್‌ನ ಕತ್ತನ್ನು ಹಿಡಿಯುವ ಎರಡು ದಪ್ಪ ಬೋಲ್ಟುಗಳು ಕಾಣೆಯಾಗಿದ್ದವು. ಕಿಪ್ ಅವು ಭಾರಕ್ಕೆ ಮುರಿದವು ಎಂದು ಬರೆದಿದ್ದ. ಮಾರ್ಲಿಸ್ ಟಾರ್ಚ್ ಹಾಕಿ ರಂಧ್ರ ನೋಡಿದಳು. ಒಳಗಿನ ತಿರುಪಿನ ಗೆರೆಗಳು ಸ್ವಚ್ಛವಾಗಿದ್ದವು, ಒಂದೂ ಹರಿದಿರಲಿಲ್ಲ. ಮುರಿದ ಬೋಲ್ಟು ಹಾಗೆ ಹೋಗುವುದಿಲ್ಲ, ಬಿಚ್ಚಿದ್ದು ಹೋಗುತ್ತದೆ. ಗಾಡಿ ಮಾರಿದ ಅಂಗಡಿಗೆ ಫೋನ್ ಮಾಡಿ ಗಾಡಿಯ ನಂಬರು ಕೊಟ್ಟಾಗ ಎರಡೇ ನಿಮಿಷದಲ್ಲಿ ಉತ್ತರ ಬಂತು: 4,143.

ಶೆರಿಫ್ ತನ್ನ ಕೋಣೆಯಲ್ಲಿ ಸ್ಯಾಂಡ್‌ವಿಚ್ ಬಿಚ್ಚುತ್ತಿದ್ದ.

"ಕಿಪ್ ಬರೆದದ್ದನ್ನ ಕೆದಕ್ತಾ ಇದ್ದೀಯಂತೆ," ಎಂದ.

"ಚೀಟಿ ನಕಲಿ ಸಾರ್. ಬೋಲ್ಟು ಬಿಚ್ಚಿದ್ದಾರೆ."

"ಅಂಟಿಸಿದ್ದು ವೇಡೇ ಇರಬಹುದಲ್ಲ?"

"ಅಂಕಿ ತಿದ್ದೋರು ಹೆಚ್ಚಿಗೆ ಮಾಡ್ಕೋತಾರೆ. ತನ್ನ ಗಾಡಿಗೆ ಕಮ್ಮಿ ಬರ್ಕೊಳ್ಳೋ ಬೆಪ್ಪ ಯಾರಿದ್ದಾನೆ?"

ಶೆರಿಫ್ ಸ್ಯಾಂಡ್‌ವಿಚ್ ಮತ್ತೆ ಸುತ್ತಿಟ್ಟ. "ಮಾರ್ಲಿಸ್, ಇದು ವೇಡ್‌ಗೋಸ್ಕರವೋ, ಕಿಪ್‌ಗೋಸ್ಕರವೋ?"

"ಎರಡೂ ಇರಬಹುದು," ಎಂದಳು. "ಬೋಲ್ಟಂತೂ ಬಿಚ್ಚಿದ್ದೇ."

ಮಧ್ಯಾಹ್ನ 1:50ಕ್ಕೆ ಅವಳು ಡಾಲ್ಕೆ ರಾಂಚ್ ತಲುಪಿದಳು. ಅಗಸ್ಟಾ ಡಾಲ್ಕೆಗೆ ಎಪ್ಪತ್ನಾಲ್ಕು. ರೋಡಿಯೋ ಪಂದ್ಯಗಳಿಗೆ ಕುದುರೆ ಸಾಕುವವಳು, ಮಾತಿನಲ್ಲಿ ನಯನಾಜೂಕು ಇಟ್ಟುಕೊಂಡವಳಲ್ಲ.

"ವೇಡ್‌ಗೆ ಮೊದಲು ಕುದುರೆ ಸಾಗಿಸ್ತಿದ್ದೋರು ಯಾರಮ್ಮ?"

"ವರ್ಲಿನ್ ಹೌಗೆನ್. ಹತ್ತೊಂಬತ್ತು ವರ್ಷ."

"ಯಾಕೆ ಬಿಡಿಸಿದ್ರಿ?"

"ನಾನೆಲ್ಲಿ ಬಿಡಿಸ್ದೆ? ಹೊಸ ಟ್ರೇಲರ್ ತಗೊಂಡೆ, ವಿಮೆಯೋರು ಬಂದು ಅವನ ಹಳೇ ಗಾಡಿಯ ಬಾಗಿಲಂಚು ನೋಡಿದ್ರು, ಸಾಲ್ದು ಅಂದ್ರು. ವೇಡ್ ಗಾಡೀದು ಸಾಕು ಅಂದ್ರು. ಒಂದು ಚೀಟಿ ಮೇಲೆ ಹತ್ತೊಂಬತ್ತು ವರ್ಷ ಹೋಯ್ತು. ಏಪ್ರಿಲ್ ತಿಂಗಳು ಅದು. ವರ್ಲಿನ್ ಜೂನಿಪರ್ ಹತ್ರ ಹೋಗಿ ಅದರ ಹಣೆ ಸವರಿ ಹೊರಟುಹೋದ. ಅದು ಹುಟ್ಟಿದಾಗ ತಾಯಿ ಸತ್ತಿತ್ತು. ಬಾಟಲಿ ಹಾಲು ಕುಡಿಸಿ ಬೆಳೆಸಿದೋನು ಅವನೇ."

"ಈಗೆಲ್ಲಿದ್ದಾನೆ?"

"ಧಾನ್ಯದ ಉಗ್ರಾಣದ ತೂಕದ ಮನೇಲಿ. ಲಾರಿ ತೂಗ್ತಾನೆ. ನಮ್ಮ ಕುದುರೆಗಳನ್ನೂ ತಿಂಗಳಿಗೊಮ್ಮೆ ಅಲ್ಲೇ ತೂಗೋದು. ಹುಳುವಿನ ಔಷಧಿ ತೂಕ ನೋಡಿ ಕೊಡ್ಬೇಕಲ್ಲ."

"ಮೂರನೇ ತಾರೀಖು ಮೂರು ಕುದುರೆ ಎಲ್ಲಿಗೆ ಹೊರಟಿದ್ವು?"

"ಹೊರಡಬೇಕಾಗೇ ಇರ್ಲಿಲ್ಲ. ವೇಡ್ ಖಾಲಿ ಟ್ರೇಲರ್ ಬೆಸುಗೆ ಅಂಗಡಿಗೆ ಒಯ್ತಿದ್ದ. ಎಂಟೂವರೆಗೆ ನಾನೇ ಫೋನ್ ಮಾಡಿ ವಾಪಸ್ ಕರೆಸ್ದೆ. ಪಶುವೈದ್ಯ ರಕ್ತ ಪರೀಕ್ಷೆಗೆ ಕರ್ಕೊಂಡು ಬನ್ನಿ ಅಂದಿದ್ದ." ಅವಳು ತುಟಿ ಕಚ್ಚಿಕೊಂಡಳು. "ಆ ಫೋನು ಮಾಡ್ದೇ ಇದ್ದಿದ್ರೆ."

ಠಾಣೆಗೆ ಮರಳಿದ ಮಾರ್ಲಿಸ್ ಪಿಕಪ್‌ನಲ್ಲಿ ಸಿಕ್ಕ ಕಾಗದಪತ್ರಗಳನ್ನು ಮೇಜಿನ ಮೇಲೆ ಹರಡಿದಳು. ಅದರಲ್ಲಿ ತೂಕದ ಮನೆಯ ರಸೀದಿಗಳೂ ಇದ್ದವು. 9,540. 11,080. 9,620. ನೋಡುತ್ತ ನೋಡುತ್ತ ಅವಳ ಬೆರಳು ನಿಂತಿತು. ಎಲ್ಲವೂ ಇಪ್ಪತ್ತರ ಲೆಕ್ಕ. ಉಗ್ರಾಣದ ತೂಕದ ಕಾಟಾ ಲಾರಿಗಾಗಿ ಇಟ್ಟದ್ದು, ಇಪ್ಪತ್ತು ಪೌಂಡಿಗಿಂತ ಸಣ್ಣದು ಅದರ ಕಣ್ಣಿಗೆ ಬೀಳುವುದಿಲ್ಲ. ಕಾರ್ಖಾನೆಯ ಚೀಟಿ ಹಾಗಲ್ಲ, ನಾಲ್ಕು ಸಾವಿರದ ನೂರ ನಲವತ್ಮೂರು ಎಂದರೆ ಅಷ್ಟೇ. ಆದರೆ ನಕಲಿ ಚೀಟಿ 2,760 ಎನ್ನುತ್ತಿತ್ತು. ಅದೂ ಇಪ್ಪತ್ತರ ಲೆಕ್ಕ.

ಅವಳು ಕಾಗದ ತೆಗೆದುಕೊಂಡಳು. ವೇಡ್‌ನ ಗಾಡಿ ತನ್ನ ತೂಕವೂ ಸೇರಿ ಒಟ್ಟು 12,300 ಪೌಂಡ್ ದಾಟಬಾರದು ಎಂದು ಕಾರ್ಖಾನೆಯ ಇನ್ನೊಂದು ಪಟ್ಟಿ ಹೇಳುತ್ತಿತ್ತು. ಅದರಲ್ಲಿ ಸೆಪ್ಟೆಂಬರ್ 2ರ ರಸೀದಿಯ 9,540 ಕಳೆದಳು. ಉಳಿದದ್ದು 2,760.

ಕಾರ್ಖಾನೆಯವರು ಖಾಲಿ ಗಾಡಿಯ ತೂಕ ಕಳೆಯುತ್ತಾರೆ. ಕೆಟಲ್ ಬ್ಯೂಟ್‌ನ ಸಾಗಣೆಯವರು ಹಾಗೆ ಮಾಡುವುದಿಲ್ಲ. ಡ್ರೈವರ್, ಸಲಕರಣೆಯ ಪೆಟ್ಟಿಗೆ, ಹೆಚ್ಚುವರಿ ಡೀಸೆಲ್ ಟ್ಯಾಂಕು, ಎಲ್ಲ ಇದ್ದ ಹಾಗೇ ಕಾಟಾದ ಮೇಲೆ ನಿಲ್ಲಿಸಿ, ಬಂದ ತೂಕ ಕಳೆಯುತ್ತಾರೆ. ಓಡಿಸುವ ಹಾಗೇ ತೂಗು ಎನ್ನುವುದು ಅಲ್ಲಿನವರ ಮಾತು. ಚೀಟಿ ಮಾಡಿದವನು ಬಾಯಿಗೆ ಬಂದ ಅಂಕಿ ಬರೆಯಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಾಪ, ಸುಳ್ಳು ಚೀಟಿಯಲ್ಲೂ ಸುಳ್ಳು ತೂಕ ಬರೆಯಲು ಅವನಿಗೆ ಕೈ ಬಂದಿರಲಿಲ್ಲ.

ಅಕ್ಟೋಬರ್ 9, ಬುಧವಾರ, ಬೆಳಿಗ್ಗೆ ಹತ್ತಕ್ಕೆ ನ್ಯಾಯಾಧೀಶರಿಂದ ಶೋಧನಾ ವಾರಂಟ್ ಸಿಕ್ಕಿತು. ಮಾರ್ಲಿಸ್ ಜೊತೆಗೆ ಕಿಪ್‌ನನ್ನೇ ಕರೆದಳು. ದಾರಿಯಲ್ಲಿ ಅವನು ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ, "ಬೋಲ್ಟಿನ ರಂಧ್ರ ನಾನು ನೋಡ್ಬೇಕಿತ್ತು," ಎಂದ. ಈ ಮಾತಿಗಾಗಿ ಅವಳು ಮಾರ್ಚ್‌ನಿಂದ ಕಾದಿದ್ದಳು. ಬಂದಾಗ ಅದು ಅಂದುಕೊಂಡಷ್ಟು ರುಚಿಸಲಿಲ್ಲ.

ತೂಕದ ಮನೆ ಎಂದರೆ ಕಾಟಾದ ಪಕ್ಕ ಒಂದು ಕೋಣೆ, ಒಂದು ಕಿಟಕಿ, ಒಂದು ಒಲೆ. ವರ್ಲಿನ್ ಹೌಗೆನ್ ಐವತ್ತೆಂಟರ ಸಣಕಲು ಮನುಷ್ಯ. ಅವರನ್ನು ನೋಡಿ ಕಾಫಿ ಬಗ್ಗಿಸಿದ.

"ನಿನ್ನ ಕಾಟಾ ಎಷ್ಟರ ಲೆಕ್ಕದಲ್ಲಿ ಓದುತ್ತೆ ವರ್ಲಿನ್?"

"ಇಪ್ಪತ್ತರ ಲೆಕ್ಕ. ಗೊತ್ತಿರೋದನ್ನೇ ಕೇಳ್ತೀಯಲ್ಲ."

"ಮೂರನೇ ತಾರೀಖು ಬೆಳಿಗ್ಗೆ ವೇಡ್ ಇಲ್ಲಿಗೆ ಬಂದಿದ್ನಾ?"

"ಏಳು ನಲವತ್ತಕ್ಕೆ. ಖಾಲಿ ಟ್ರೇಲರ್ ತೂಗ್ಸೋಕೆ."

"ತೂಗುವಾಗ ಅವನೆಲ್ಲಿದ್ದ?"

"ಎದುರುಗಡೆ ಹೋಟೆಲಿಗೆ, ಪೈ ತಿನ್ನೋಕೆ ಹೋಗಿದ್ದ. ಎಲ್ರೂ ಹೋಗ್ತಾರೆ."

"ಕೀಲಿ?"

"ಗಾಡೀಲೇ. ಈ ಊರಲ್ಲಿ ಕೀಲಿ ಯಾರು ಜೇಬಲ್ಲಿಟ್ಕೋತಾರೆ?"

"ಗಾಡಿ ಹತ್ರ ಯಾರಿದ್ರು?"

"ನಾನು. ಇನ್ಯಾರಿರ್ತಾರೆ?"

ಕಿಪ್ ಗೋಡೆ ಪಕ್ಕದ ಕಪಾಟು ತೆರೆದ. ಬೀಜದ ಚೀಲಗಳಿಗೆ ಚೀಟಿ ಒತ್ತುವ ಯಂತ್ರ ಅಲ್ಲಿತ್ತು, ಪಕ್ಕದಲ್ಲಿ ಹಳದಿ ಹಾಳೆಯ ಸುರುಳಿ. ಕೆಳಗಿನ ಅರೆಯಲ್ಲಿ, ಒರೆಸುವ ಬಟ್ಟೆಯಲ್ಲಿ ಸುತ್ತಿದ ಎರಡು ದಪ್ಪ ಬೋಲ್ಟುಗಳು. ಅವನು ಅವನ್ನು ಮುಟ್ಟದೆ ಸಮಯ ಬರೆದುಕೊಂಡ, 10:48.

"ಬಿಸಾಡೋದಲ್ವಾ ಇವನ್ನ?" ಎಂದಳು ಮಾರ್ಲಿಸ್.

"ಒಳ್ಳೇ ಬೋಲ್ಟು," ಎಂದ ವರ್ಲಿನ್.

"ಮೂರು ಕುದುರೆ ವರ್ಲಿನ್. ಎರಡು ಸತ್ವು."

ಅವನು ಲೋಟ ಮೇಜಿನ ಮೇಲಿಟ್ಟ. "ಖಾಲಿ ಹೋಗ್ಬೇಕಿತ್ತು ಅದು. ಬೆಸುಗೆ ಅಂಗಡಿಗೆ ಅಂತ ಅವನೇ ಹೇಳ್ದ. ಖಾಲಿ ಟ್ರೇಲರ್ ಕಳಚಿ ಬಿದ್ರೆ ಏನು ಹೋಯ್ತು? ಅವನ ಚೀಟಿ ನೋಡ್ತಾರೆ, ಸಾಲ್ದು ಅಂತಾರೆ. ನಂಗಂದ ಹಾಗೆ ಅವನಿಗೂ ಅಂತಾರೆ. ಅಷ್ಟೇ ಕಣಮ್ಮ ಬೇಕಾಗಿದ್ದು."

"ಅವನು ಸಾಯಬಹುದಿತ್ತು."

"ಹೌದು," ಎಂದ ವರ್ಲಿನ್.

11:05ಕ್ಕೆ ಬಂಧನ. ಹಕ್ಕುಗಳನ್ನು ಓದಿ ಹೇಳಿ ಕೈಕೋಳ ಹಾಕಿದ್ದು ಕಿಪ್. ಮಾರ್ಲಿಸ್ ಮೇಜಿನ ಮೇಲಿನ ರಸೀದಿ ಪುಸ್ತಕಗಳನ್ನು ಒಂದೊಂದಾಗಿ ಪಟ್ಟಿ ಮಾಡಿದಳು. ಒಂದರ ಹಿಂದಿನ ರಟ್ಟಿನ ಒಳಗೆ, ಸೀಸದಕಡ್ಡಿಯಲ್ಲಿ, ಒಂದರ ಕೆಳಗೊಂದು ಐದು ಸಾಲು. ಮೇಲೆ ಜೂನಿಪರ್ ಎಂದಿತ್ತು. ಮೇ 1,060. ಜೂನ್ 1,100. ಜುಲೈ 1,120. ಆಗಸ್ಟ್ 1,160. ಸೆಪ್ಟೆಂಬರ್ 1,180. ಕೊನೆಯ ಅಂಕಿಯ ಕೆಳಗೆ ಕಡ್ಡಿಯನ್ನು ಎಷ್ಟು ಒತ್ತಿ ಗೆರೆ ಎಳೆದಿದ್ದನೆಂದರೆ ರಟ್ಟು ಹರಿದಿತ್ತು.

"ಇದೇನು?"

ಬಾಗಿಲ ಬಳಿ ನಿಂತಿದ್ದ ವರ್ಲಿನ್ ತಿರುಗಿ ನೋಡಿದ. "ನಾನಿಲ್ದೆ ಸೊರಗ್ತಾಳೆ ಅಂದ್ಕೊಂಡಿದ್ದೆ. ಹನ್ನೊಂದು ವರ್ಷ ನನ್ನ ಕೈಯಲ್ಲಿ ಬಿಟ್ಟು ಬೇರೆ ಯಾರ ಕೈಯಲ್ಲೂ ತಿಂದೋಳಲ್ಲ. ಪ್ರತಿ ತಿಂಗಳು ವೇಡ್ ತಂದು ಕಾಟಾ ಮೇಲೆ ನಿಲ್ಲಿಸ್ತಿದ್ದ. ಪ್ರತಿ ತಿಂಗಳು ಜಾಸ್ತಿ. ನೋಡು ವರ್ಲಿನ್, ಹೇಗೆ ದುಂಡಗಾಗಿದ್ದಾಳೆ ಅಂತಿದ್ದ. ನಗ್ತಾ ಹೇಳ್ತಿದ್ದ, ಪಾಪ, ನಂಗೆ ಖುಷಿಯಾಗ್ಲಿ ಅಂತ. ಆ ಅಂಕಿ ನಾನೇ ಬರೀಬೇಕಿತ್ತು."

ಮಾರ್ಲಿಸ್‌ಗೆ ಮಾರ್ಚ್ ತಿಂಗಳ ಚಪ್ಪಾಳೆ ನೆನಪಾಯಿತು. ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದ್ದವಳು ತಾನೇ. ಅವಳು ಪುಸ್ತಕ ಮುಚ್ಚಿ ಲಕೋಟೆಗೆ ಹಾಕಿದಳು.

"ಹೇಗಿದ್ದಾಳೆ ಈಗ?" ಎಂದ ವರ್ಲಿನ್.

"ನಿನ್ನೆ ಪಶುವೈದ್ಯನ ಲಾಯದಲ್ಲಿ ನೋಡ್ದೆ. ಹೊಲಿಗೆ ಹಾಕಿದ್ದಾರೆ. ನಿಲ್ತಾಳೆ."

"ತಿಂತಾಳಾ?"

"ಮೂರು ದಿನ ಏನೂ ಮುಟ್ಟಿರ್ಲಿಲ್ವಂತೆ. ಭಾನುವಾರದಿಂದ ತಿಂತಿದ್ದಾಳೆ."

ಅವನು ಕಾಟಾದ ಖಾಲಿ ಹಲಗೆಯ ಕಡೆ ತಿರುಗಿದ.

"ಯಾರ ಕೈಯಲ್ಲಿ?"

ಸುಳ್ಳು ಹೇಳಬಹುದಿತ್ತು. ವೈದ್ಯನ ಕೈಯಲ್ಲಿ ಎಂದಿದ್ದರೆ ಸಾಕಿತ್ತು. ಆದರೆ ಆ ಮನುಷ್ಯ ಇಡೀ ಪ್ರಕರಣದಲ್ಲಿ ತೂಕದ ವಿಷಯದಲ್ಲಿ ಮಾತ್ರ ಸುಳ್ಳಾಡಿರಲಿಲ್ಲ.

"ವೇಡ್ ಕೈಯಲ್ಲಿ," ಎಂದಳು ಮಾರ್ಲಿಸ್. "ಎಡಗೈಯಲ್ಲಿ."

ವರ್ಲಿನ್ ತಲೆಯಾಡಿಸಿ ತಾನೇ ಮುಂದಾಗಿ ಕಾರಿನತ್ತ ನಡೆದ.