ಟಕ್‌ವೆಲ್ ಮನೆಯ ಉಗ್ರಾಣದ ಕಿಟಕಿ

ಹೆಟಿಯ ತಲೆ ಕುರ್ಚಿಯ ಬೆನ್ನಿನ ಸಂದಿಯಿಂದ ಆಚೆ ಬಂದಿತ್ತು. ಒಂದು ಕೈಯೂ ಬಂದಿತ್ತು. ಉಳಿದದ್ದು ಮಾತ್ರ ಬರಲೊಲ್ಲದು. ಅವಳು ಉಸಿರು ಬಿಟ್ಟಳು, ಹೊಟ್ಟೆ ಒಳಗೆಳೆದುಕೊಂಡಳು, ಕಾಲಿನಿಂದ ನೆಲ ಒದ್ದಳು. ಕುರ್ಚಿಯೂ ಅವಳ ಜೊತೆ ಅಡುಗೆಮನೆ ತುಂಬ ಸರಿದಾಡಿತು.

ಅಷ್ಟರಲ್ಲಿ ಅಜ್ಜಿ ಕೋಳಿಗಳಿಗೆ ಕಾಳು ಹಾಕಿ ಒಳಗೆ ಬಂದರು. ಮೊಮ್ಮಗಳನ್ನು ನೋಡಿದರು, ಕುರ್ಚಿಯನ್ನು ನೋಡಿದರು. ಹೆಟಿಯನ್ನು ಬಿಡಿಸಿ, ಅದೇ ಕುರ್ಚಿಯ ಮೇಲೆ ಕೂರಿಸಿ, ಮುಂದೆ ಓಟ್ಸ್ ಗಂಜಿಯ ಬಟ್ಟಲು ಇಟ್ಟರು.

"ನಂಗೆ ಬೇಡ ಅಜ್ಜಿ. ಹಸಿವಿಲ್ಲ."

"ಹಸಿವಿಲ್ವಂತೆ. ರಾತ್ರಿ ಆಲೂಗಡ್ಡೆ ಪಾತ್ರೆ ಕೆರೆದು ಕೆರೆದು ತಿಂದವಳು ಯಾರು, ನಮ್ಮ ಬೆಕ್ಕಾ?"

ಹೆಟಿ ಬಟ್ಟಲನ್ನು ಮೆಲ್ಲನೆ ಆಚೆ ತಳ್ಳಿದಳು. ಹೊಟ್ಟೆಯೇನೋ ಚುರುಗುಟ್ಟುತ್ತಿತ್ತು. ಆದರೆ ಇವತ್ತು ಗಡಿ ನಡಿಗೆಯ ದಿನ. ಇವತ್ತು ಅವಳು ಎಷ್ಟು ತೆಳ್ಳಗಿದ್ದರೆ ಅಷ್ಟು ಒಳ್ಳೆಯದು.

ನಮ್ಮ ವಿಲ್ಕೊಂಬ್‌ನಲ್ಲಿ ವರ್ಷಕ್ಕೊಮ್ಮೆ, ಮೇ ತಿಂಗಳ ರಜೆಯಲ್ಲಿ, ಊರಿಗೆ ಊರೇ ವಿಲೋ ಮರದ ಕೋಲು ಹಿಡಿದು ಊರಿನ ಗಡಿ ಸುತ್ತುತ್ತದೆ. ಗಡಿಕಲ್ಲು ಸಿಕ್ಕಲ್ಲೆಲ್ಲ ಅದಕ್ಕೆ ಪಟಪಟ ಏಟು ಹಾಕುತ್ತದೆ. ಪಾಪ, ಕಲ್ಲು ಏನು ಮಾಡಿತ್ತು ಎಂದು ಕೇಳಬೇಡಿ. ನಕ್ಷೆ ಇಲ್ಲದ ಕಾಲದಲ್ಲಿ ಊರಿನ ಅಂಚು ಎಲ್ಲಿದೆ ಎನ್ನುವುದು ಮಕ್ಕಳಿಗೆ ಮರೆಯಬಾರದೆಂದು ಹಿರಿಯರು ಮಾಡಿದ ರೂಢಿ ಅದು. ಈಗ ನಕ್ಷೆ ಫೋನಿನಲ್ಲೇ ಇದೆ. ಆದರೆ ನಡಿಗೆಯ ದಾರಿಯಲ್ಲಿ ಸಿಗುವ ಬನ್ ಫೋನು ಕೊಡುವುದಿಲ್ಲ, ಹಾಗಾಗಿ ನಾವು ಇನ್ನೂ ನಡೆಯುತ್ತೇವೆ.

ಇದರಲ್ಲಿ ಒಂದೇ ಒಂದು ತೊಡಕು. ಯಾವುದೋ ಕಾಲದಲ್ಲಿ ಟಕ್‌ವೆಲ್ ಮನೆತನದ ಮಹಾನುಭಾವನೊಬ್ಬ ಸರಿಯಾಗಿ ಗಡಿಯ ಮೇಲೇ ಮನೆ ಕಟ್ಟಿಬಿಟ್ಟ. ಗಡಿ ಈಗ ಆ ಮನೆಯ ಹಿಂದಿನ ಉಗ್ರಾಣದ ಕಿಟಕಿಯಲ್ಲಿ ಹೊಕ್ಕು, ಅಡುಗೆಮನೆ ದಾಟಿ, ಮುಂಬಾಗಿಲಲ್ಲಿ ಹೊರಬರುತ್ತದೆ. ಊರವರೆಲ್ಲ ಮನೆ ಬಳಸಿಕೊಂಡು ಹೋಗಬಹುದು, ಆದರೆ ಒಬ್ಬರಾದರೂ ಗಡಿಯ ಮೇಲೇ ಹೋಗಬೇಕು. ಕಿಟಕಿಯೋ ಬ್ರೆಡ್ ಸುಡುವ ತಟ್ಟೆಯಷ್ಟಿದೆ. ಆದ್ದರಿಂದ ಒಂದು ಮಗುವನ್ನು ಎತ್ತಿ ಒಳಗೆ ತೂರಿಸುತ್ತಾರೆ. ಆ ಮಗು ಒಂಟಿಯಾಗಿ ಮನೆಯೊಳಗೆ ನಡೆದು, ಚಿಲಕ ತೆಗೆದು, ಮುಂಬಾಗಿಲಲ್ಲಿ ಕಾಣಿಸಿಕೊಂಡಾಗ ಊರೆಲ್ಲ ಚಪ್ಪಾಳೆ ಹೊಡೆಯುತ್ತದೆ.

ಹಿಂದಿನ ಕೆಲವು ವರ್ಷ ಆ ಮಗು ಹೆಟಿಯೇ ಆಗಿದ್ದಳು.

ಅವಳ ಮನೆ ಇರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಇಲ್ಲಿಗೆ ಬರುವುದು ರಜೆಗೆ ಮಾತ್ರ. ಊರಿನ ಮಕ್ಕಳಿಗೆ ಒಂದೇ ಶಾಲೆ, ಒಂದೇ ಬಸ್ಸು, ತಮ್ಮತಮ್ಮಲ್ಲೇ ನಗುವ ಜೋಕುಗಳು. ಹೆಟಿಗೆ ಅವು ಒಂದೂ ಗೊತ್ತಿಲ್ಲ. ಆದರೂ ಮೊನ್ನೆ ಅಂಗಡಿಯಲ್ಲಿ ಯಾರೋ ಈ ಹುಡುಗಿ ಯಾರೆಂದು ಕೇಳಿದಾಗ, ಅಂಗಡಿಯವಳು ಗೊತ್ತಿಲ್ವಾ, ನಮ್ಮ ಕಿಟಕಿ ಹುಡುಗಿ, ಎಂದಿದ್ದಳು. ಆ ಮಾತು ಕೇಳಿ ಹೆಟಿಗೆ ಎರಡು ದಿನ ಕಾಲು ನೆಲಕ್ಕೆ ತಾಗಿರಲಿಲ್ಲ. ಕಿಟಕಿ ಹೋದರೆ ಅವಳು ಯಾರು? ರಜೆಗೆ ಬಂದು ಹೋಗುವವಳು, ಅಷ್ಟೇ.

ಅಜ್ಜಿ ಗಂಜಿಗೆ ಜೇನು ಸುರಿಯುತ್ತ, ಈ ಸಲ ಊರಿಗೆ ಕಿಟ್ ಎಂಬ ಪುಟ್ಟ ಹುಡುಗ ಬಂದಿದ್ದಾನೆ, ಅವನ ಮನೆಯವರು ಹಳೆಯ ಅಂಚೆ ಕಚೇರಿಯ ಮನೆಯಲ್ಲಿದ್ದಾರೆ, ಒಂದನೇ ಕ್ಲಾಸು, ಗುಬ್ಬಿಯಷ್ಟಿದ್ದಾನೆ ಎಂದು ಹೇಳಿದರು.

"ಅವನು ನಿನ್ನೆ ಮೊನ್ನೆ ಬಂದೋನು. ನಾನು ಹುಟ್ಟಿದಾಗಿಂದ ಬರ್ತಿದೀನಿ," ಎಂದಳು ಹೆಟಿ.

"ಅದು ಸರಿ ಕಣೇ. ಆದ್ರೆ ಹೋದ ವರ್ಷ ಈ ಕುರ್ಚೀಲಿ ಕೂತ್ರೆ ನಿನ್ನ ಕಾಲು ನೇತಾಡ್ತಿತ್ತು. ಈಗ ಮೇಜಿನ ಕೆಳಗೆ ನನ್ನ ಕಾಲು ತುಳೀತಿದೀಯ." ಅಜ್ಜಿ ಕೋಟು ಹಾಕಿಕೊಂಡರು. "ಹೋಗ್ಲಿ ಬಿಡು. ಆ ಮಾತು ಕಿಟಕೀನೇ ಹೇಳ್ಲಿ."

ಚರ್ಚಿನ ಗೇಟಿನ ಮುಂದೆ ಜನ ಆಗಲೇ ಸೇರಿದ್ದರು. ಪಾದ್ರಿಯಮ್ಮ ಬಿಳಿ ನಿಲುವಂಗಿಯ ಕೆಳಗೆ ಹಸಿರು ರಬ್ಬರ್ ಬೂಟು ಹಾಕಿಕೊಂಡು ನಿಂತಿದ್ದರು. ನಾಯಿಗಳು ಒಂದರ ಬಾಲ ಒಂದು ಮೂಸುತ್ತಿದ್ದವು. ಪಾದ್ರಿಯಮ್ಮ ಒಂದು ಪುಟ್ಟ ಪ್ರಾರ್ಥನೆ ಹೇಳಿ ಮುಗಿಸುವಷ್ಟರಲ್ಲಿ ಮಕ್ಕಳು ಹೊಲ ಸೇರಿಯಾಗಿತ್ತು.

ಎಂಥ ದಿನ ಅದು. ರಾತ್ರಿಯ ಮಳೆ ಬೆಳಿಗ್ಗೆ ನಿಂತಿತ್ತು, ಹುಲ್ಲು ಮೊಣಕಾಲು ತೋಯಿಸುತ್ತಿತ್ತು. ಬೇಲಿಯ ಉದ್ದಕ್ಕೂ ಮುಳ್ಳುಗಿಡಗಳು ಎಲೆ ಕಾಣದಷ್ಟು ಬಿಳಿ ಹೂ ಬಿಟ್ಟಿದ್ದವು. ಕುರಿಮರಿಗಳು ಜನರನ್ನು ಕಂಡು ಓಡಿ, ಏಕೆ ಓಡಿದೆವು ಎನ್ನುವುದು ಮರೆತು, ಮತ್ತೆ ಹಿಂದಕ್ಕೆ ಓಡಿ ಬರುತ್ತಿದ್ದವು. ಹೆಟಿಗೆ ದಾರಿಯೆಲ್ಲ ಬಾಯಿಪಾಠ. ಬೇಲಿ ದಾಟುವ ತಡಮೆಗಳಲ್ಲಿ ಯಾವುದರ ಹಲಗೆ ಅಲುಗುತ್ತದೆ, ಯಾವ ಹೊಲದ ಹಸು ನೆಕ್ಕಲು ಬರುತ್ತದೆ, ಎಲ್ಲ ಗೊತ್ತು. ಅವಳು ಎಲ್ಲರಿಗಿಂತ ಮುಂದೆ ಓಡಿ, ಕಲ್ಲು ಸಿಕ್ಕಿದ ಕಡೆಯೆಲ್ಲ ಮೊದಲ ಏಟು ತಾನೇ ಹಾಕಿದಳು.

ಕಷ್ಟ ಶುರುವಾದದ್ದು ಗಿರಣಿಯ ಹತ್ತಿರದ ಗಡಿಕಲ್ಲಿನ ಬಳಿ. ಅಲ್ಲಿ ಬುಟ್ಟಿ ತುಂಬ ಬನ್ ಇಟ್ಟಿದ್ದರು. ಒಣದ್ರಾಕ್ಷಿ ಹಾಕಿದ್ದು, ಇನ್ನೂ ಬಿಸಿ. ಬೆಳಿಗ್ಗೆಯಿಂದ ಖಾಲಿ ಇರುವ ಹೊಟ್ಟೆಗೆ ಆ ವಾಸನೆ ಬಡಿದರೆ ಯಾವ ಶಪಥ ನಿಂತೀತು, ನೀವೇ ಹೇಳಿ. ಹೆಟಿ ಅರ್ಧ ಬನ್ ಮಾತ್ರ ಎಂದುಕೊಂಡಳು. ಉಳಿದರ್ಧ ಒಂಟಿಯಾಗಿಬಿಡುತ್ತದೆಂದು ಅದನ್ನೂ ತಿಂದಳು. ಆಮೇಲೆ ಲೆಕ್ಕ ಇಡಲಿಲ್ಲ.

ತೊರೆಯ ಪಕ್ಕದ ಕೆಸರಿನಲ್ಲಿ ಒಬ್ಬ ಪುಟ್ಟ ಹುಡುಗ ಒಂಟಿಕಾಲಲ್ಲಿ ನಿಂತಿದ್ದ. ಅವನ ಇನ್ನೊಂದು ಬೂಟು ಕೆಸರಿನಲ್ಲಿ ಹೂತುಹೋಗಿತ್ತು. ಹೆಟಿ ಬೂಟನ್ನು ಎಳೆದು ತೆಗೆದು, ಕಾಲಿಗೆ ಹಾಕಿ ಕೊಟ್ಟಳು. ಆಮೇಲೆ ಗೊತ್ತಾಯಿತು, ಇವನೇ ಕಿಟ್. ಅವನು ಅಲ್ಲಿಂದ ಅವಳ ಕೈ ಬಿಡಲೇ ಇಲ್ಲ. ಕುರಿ ಕಚ್ಚುತ್ತದಾ, ಕಲ್ಲಿಗೆ ನೋವಾಗುತ್ತದಾ ಎಂದು ಕೇಳುತ್ತ ಕೇಳುತ್ತ, ಕೊನೆಗೆ ದನಿ ಇಳಿಸಿ ಕೇಳಿದ:

"ಆ ಕಿಟಕಿ ಒಳಗೆ ಕತ್ತಲೆ ಇರುತ್ತಾ? ಈ ಸಲ ನಾನೇ ಹೋಗ್ಬೇಕಾಗ್ಬಹುದು ಅಂತ ಅಮ್ಮ ಹೇಳ್ತಿದ್ರು."

ಹೆಟಿ ಕೋಲಿನಿಂದ ಹುಲ್ಲಿಗೆ ಒಂದು ಏಟು ಹಾಕಿದಳು.

"ತುಂಬಾ ಕತ್ತಲೆ," ಎಂದಳು. "ಇಲಿಗಳೂ ಇವೆ. ದೊಡ್ಡ ದೊಡ್ಡವು."

ಕಿಟ್ ಅವಳ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ. ಅವನು ಕೈ ಕೊಡವಿಕೊಂಡು ಓಡಿಹೋಗಿದ್ದರೇ ಚೆನ್ನಾಗಿತ್ತು ಎಂದು ಹೆಟಿಗೆ ಅನಿಸಿತು.

ಟಕ್‌ವೆಲ್ ಮನೆಯ ಹಿತ್ತಲಲ್ಲಿ ಮಿಸ್ಟರ್ ಟಕ್‌ವೆಲ್ ಕಾಯುತ್ತಿದ್ದರು. ಬಾಗಿಲಲ್ಲಿ ಅಡ್ಡಡ್ಡ ತಿರುಗಿ ಬರಬೇಕಾದಂಥ ಭಾರೀ ಆಳು. ಪಾದ್ರಿಯಮ್ಮ ಈ ವರ್ಷ ಯಾರು ಎಂದು ಕೇಳಿದ್ದೇ ತಡ, ಬೇರೆ ಯಾರೂ ಬಾಯಿ ತೆರೆಯುವ ಮೊದಲೇ ಹೆಟಿ ಕೋಟು ಬಿಚ್ಚಿ ಹುಲ್ಲಿನ ಮೇಲೆ ಎಸೆದು ಕಿಟಕಿಯ ಕೆಳಗೆ ನಿಂತಳು. ಮಿಸ್ಟರ್ ಟಕ್‌ವೆಲ್ ಅಜ್ಜಿಯ ಮುಖ ನೋಡಿದರು. ಅಜ್ಜಿ ಆಕಾಶ ನೋಡಿದರು. ಇಬ್ಬರೂ ಸೇರಿ ಅವಳನ್ನು ಎತ್ತಿದರು.

ತಲೆ ಹೋಯಿತು. ತೋಳು ಹೋದವು. ಎದೆಯೂ ಹೋಯಿತು. ಆಮೇಲೆ ಹೆಟಿ ನಿಂತುಬಿಟ್ಟಳು.

ಮುಂದೆ ಹೋಗಲಾರಳು, ಹಿಂದೆ ಬರಲಾರಳು. ತಲೆ ಉಗ್ರಾಣದಲ್ಲಿ, ಕಾಲು ಹಿತ್ತಲಲ್ಲಿ. ಹೊರಗಿನಿಂದ ಸಲಹೆಗಳ ಸುರಿಮಳೆಯಾಯಿತು. ಯಾರೋ ಬೆಣ್ಣೆ ಹಚ್ಚಿ ಎಂದರು, ಯಾರೋ ಬೆಣ್ಣೆಗಿಂತ ಸೋಪು ವಾಸಿ ಎಂದರು. ತಲೆಯಾದರೂ ಒಳಗೆ ಹೋಗಿರುವುದರಿಂದ ನಡಿಗೆ ಅರ್ಧ ಆದಂತೆ ಲೆಕ್ಕವೇ ಎಂದು ಒಬ್ಬರು ಪಾದ್ರಿಯಮ್ಮನನ್ನು ಕೇಳಿದರು. ಒಳಗೆ ಕಪಾಟಿನ ಮೇಲೆ ಜಾಮ್ ಬಾಟಲಿಗಳ ನಡುವೆ ಮಲಗಿದ್ದ ಬೆಕ್ಕು ಒಂದು ಕಣ್ಣು ತೆರೆದು ಹೆಟಿಯನ್ನು ನೋಡಿ ಮತ್ತೆ ಮುಚ್ಚಿಕೊಂಡಿತು. ಹೆಟಿಗೆ ಇನ್ನೇನು ಅಳು ಬರುವುದರಲ್ಲಿತ್ತು.

ಉಗ್ರಾಣದ ಬಾಗಿಲು ತೆರೆಯಿತು. ಮಿಸ್ಟರ್ ಟಕ್‌ವೆಲ್ ಮನೆ ಸುತ್ತಿ ಒಳಗೆ ಬಂದಿದ್ದರು. ಅವಳ ಮುಖದ ಎದುರಿಗೆ ಮುಖ ತಂದರು.

"ಬನ್ ತಿಂದ್ಯಾ?"

"ಅರ್ಧ."

"ಹೆಟಿ."

"ಮೂರೂವರೆ."

ಅವರು ತಲೆದೂಗಿದರು. "ಬನ್ ತಪ್ಪಲ್ಲ ಬಿಡು. ನಿನ್ನ ವಯಸ್ಸಲ್ಲಿ ನಾನೂ ಇಲ್ಲೇ ಸಿಕ್ಕಿಹಾಕ್ಕೊಂಡಿದ್ದೆ, ಇದೇ ಕಿಟಕೀಲಿ. ನಮ್ಮ ಮನೆ ಕಿಟಕಿ, ನನ್ನನ್ನೇ ಒಳಗೆ ಬಿಡ್ಲಿಲ್ಲ. ನಿಮ್ಮಜ್ಜಿನೇ ಹಿಂದಿನಿಂದ ಕಾಲು ಹಿಡಿದು ಎಳೆದಿದ್ದು. ನಾನು ಬಂದೆ, ನನ್ನ ಚಡ್ಡಿ ಬರ್ಲಿಲ್ಲ."

ಹೆಟಿ ಮಿಸ್ಟರ್ ಟಕ್‌ವೆಲ್ ಅವರ ಆ ದೊಡ್ಡ ಮೈಯನ್ನು ನೋಡಿದಳು. ಆ ಕಿಟಕಿಯನ್ನು ನೆನೆದಳು. ಚಡ್ಡಿಯನ್ನು ನೆನೆದಳು. ಅಳು ಬರಬೇಕಾದ ದಾರಿಯಲ್ಲಿ ನಗು ಬಂದುಬಿಟ್ಟಿತು. ನಕ್ಕು ನಕ್ಕು ಅವಳೊಳಗಿನ ಉಸಿರೆಲ್ಲ ಖಾಲಿಯಾಯಿತು. ಅದೇ ಸಮಯ ಸಾಧಿಸಿ ಅಜ್ಜಿ ಹೊರಗಿನಿಂದ ಎಳೆದರು. ಇಬ್ಬರೂ ಹುಲ್ಲಿನ ಮೇಲೆ ದೊಪ್ಪೆಂದು ಬಿದ್ದರು. ಚಡ್ಡಿಗೆ ಏನೂ ಆಗಲಿಲ್ಲ.

ಜನ ಹೊಟ್ಟೆ ಹಿಡಿದು ನಕ್ಕರು. ಹೆಟಿಯ ಕಿವಿ ಕೆಂಪಾಯಿತು. ಅವಳು ಎದ್ದು ಮಳೆನೀರಿನ ಪೀಪಾಯಿಯ ಹಿಂದೆ ಹೋಗಿ ನಿಂತಳು. ಮುಗಿಯಿತು ಎಂದುಕೊಂಡಳು. ಇನ್ನು ಮೇಲೆ ಕಿಟಕಿ ಹುಡುಗಿ ಇಲ್ಲ.

ಪಾದ್ರಿಯಮ್ಮ ಕಿಟ್‌ನನ್ನು ಕರೆದರು. ಕಿಟ್ ಬರಲಿಲ್ಲ. ತಾಯಿಯ ಕೋಟಿನೊಳಗೆ ಮುಖ ಹುದುಗಿಸಿದ. ಕೇಕ್ ಕೊಡುತ್ತೇವೆ ಎಂದರೂ ಬೇಡ, ಟಾರ್ಚ್ ಕೊಡುತ್ತೇವೆ ಎಂದರೂ ಬೇಡ. ಕೊನೆಗೆ ಯಾಕಪ್ಪಾ ಎಂದು ಕೇಳಿದಾಗ ಸಣ್ಣ ದನಿಯಲ್ಲಿ ಹೇಳಿದ:

"ಒಳಗೆ ದೊಡ್ಡ ಇಲಿ ಇವೆ. ಹೆಟಿ ಹೇಳಿದ್ಲು."

ಎಲ್ಲರೂ ಪೀಪಾಯಿಯ ಕಡೆಗೆ ತಿರುಗಿದರು. ಯಾರೂ ಬೈಯಲಿಲ್ಲ, ಯಾರೂ ನಗಲೂ ಇಲ್ಲ. ಈ ವರ್ಷ ಕಿಟಕಿ ದಾಟುವವರೇ ಇಲ್ಲವಾದರೆ ಗಡಿ ನಡಿಗೆ ಅಲ್ಲಿಗೇ ನಿಂತಂತೆ. ಹೆಟಿಗೆ ಪೀಪಾಯಿಯೊಳಗೆ ಇಳಿದು ಮುಚ್ಚಳ ಹಾಕಿಕೊಳ್ಳೋಣ ಎನಿಸಿತು. ಆದರೂ ನಡೆದು ಬಂದು ಕಿಟ್‌ನ ಎದುರು ಕುಕ್ಕರಗಾಲಲ್ಲಿ ಕುಳಿತಳು.

"ಇಲಿ ಇಲ್ಲ ಕಣೋ. ಬೆಕ್ಕಿದೆ. ನಾನೀಗ ನೋಡ್ಕೊಂಡೇ ಬಂದೆ."

"ಮತ್ತೆ ಇದೆ ಅಂದೆ?"

"ಕಿಟಕಿ ನಂಗೇ ಬೇಕಿತ್ತು. ಅದಕ್ಕೆ ಸುಳ್ಳು ಹೇಳ್ದೆ."

ಕಿಟ್ ಬೆಕ್ಕಿನ ಬಣ್ಣ ಏನು ಎಂದು ಕೇಳಿದ. ಕೇಸರಿ ಎಂದಳು. ಆಮೇಲೆ ಅವನಿಗೆ ಒಳಗಿನದೆಲ್ಲ ಹೇಳಿದಳು. ಕೈ ಚಾಚಿದರೆ ಹಿಟ್ಟಿನ ಡಬ್ಬ ಸಿಗುತ್ತದೆ, ಅದರ ಮೇಲೆ ಕೈಯೂರಿ ಇಳಿ. ಬಲಗಡೆ ತಿರುಗಬೇಡ, ಅಲ್ಲಿ ಮೊಟ್ಟೆ ಇದೆ. ಅಡುಗೆಮನೆಯಲ್ಲಿ ಬೆಳಕಿರುತ್ತದೆ. ಮುಂಬಾಗಿಲ ಚಿಲಕ ಬಿಗಿ, ಎರಡೂ ಕೈ ಹಾಕಿ ಮೇಲಕ್ಕೆತ್ತು.

"ನೀನೇ ಎತ್ತು ಹಾಗಾದ್ರೆ," ಎಂದ ಕಿಟ್.

ಹೆಟಿ ಅವನನ್ನು ಎತ್ತಿದಳು. ಅಜ್ಜಿ ಪಕ್ಕದಲ್ಲಿ ನಿಂತರು, ಆದರೆ ಕೈ ಹಾಕಲಿಲ್ಲ. ಕಿಟ್ ನೀರಿನಲ್ಲಿ ಮೀನು ಹೋದ ಹಾಗೆ ಕಿಟಕಿಯೊಳಗೆ ಹೋದ. ಕೊನೆಯಲ್ಲಿ ಅವನ ಕೆಸರಿನ ಬೂಟುಕಾಲುಗಳು ಮಾತ್ರ ಅವಳ ಅಂಗೈಯಲ್ಲಿ ಉಳಿದವು.

"ಬೆಕ್ಕು ನನ್ನ ನೋಡ್ತಿದೆ," ಎಂದಿತು ಒಳಗಿನ ದನಿ.

"ನೋಡ್ಲಿ. ನಾನಿಲ್ಲೇ ಇದೀನಿ. ಡಬ್ಬ ಸಿಕ್ತಾ?"

"ಸಿಕ್ತು."

ಹೆಟಿ ಬೂಟು ಬಿಟ್ಟಳು. ಜನರೆಲ್ಲ ಮುಂಬಾಗಿಲಿನ ಕಡೆಗೆ ಓಡಿದರು. ನಾಯಿಗಳೂ ಓಡಿದವು. ಹೆಟಿ ಹೋಗಲಿಲ್ಲ. ಇಲ್ಲೇ ಇದೀನಿ ಅಂದ ಮೇಲೆ ಹೋಗುವುದು ಹೇಗೆ? ಕಿಟಕಿಗೆ ಕಿವಿಯಿಟ್ಟು ನಿಂತಳು. ಪುಟ್ಟ ಹೆಜ್ಜೆ ಕೇಳಿಸಿತು. ಆಮೇಲೆ ಏನೂ ಇಲ್ಲ. ಆಮೇಲೆ, ದೂರದಲ್ಲಿ, ಚಿಲಕ ಟಕ್ ಎಂದಿತು. ಮನೆಯ ಆಚೆ ಬದಿಯಲ್ಲಿ ಚಪ್ಪಾಳೆ ಎದ್ದಿತು.

ಹೆಟಿ ತಿರುಗಿದಳು. ಹಿತ್ತಲಲ್ಲಿ ಇನ್ನೊಬ್ಬರು ಉಳಿದಿದ್ದರು. ಅಜ್ಜಿ.

"ನೀನು ಚಪ್ಪಾಳೆ ನೋಡಕ್ಕೆ ಹೋಗ್ಲಿಲ್ವಾ?"

"ಯಾವ ವರ್ಷ ಹೋಗಿದೀನಿ?" ಎಂದರು ಅಜ್ಜಿ. "ಇಲ್ಲಿಗೆ ಚಿಲಕದ ಸದ್ದು ಕೇಳುತ್ತಲ್ಲ."

ಹೆಟಿ ತನ್ನ ಅಂಗೈ ನೋಡಿಕೊಂಡಳು. ಎರಡರಲ್ಲೂ ಪುಟ್ಟ ಬೂಟಿನ ಕೆಸರಿನ ಅಚ್ಚು. ಅಜ್ಜಿಯ ಕೋಟಿನ ತೋಳಿನ ಮೇಲೂ ಅಂಥದೇ ಅಚ್ಚು ಇತ್ತು, ಸ್ವಲ್ಪ ದೊಡ್ಡದು, ಈಗತಾನೇ ಹೆಟಿಯ ಬೂಟು ಒತ್ತಿದ್ದು. ಪ್ರತಿ ವರ್ಷ ನಡಿಗೆಯ ಸಂಜೆ ಅಜ್ಜಿ ಆ ಕೋಟನ್ನು ಒಗೆಯುತ್ತಿದ್ದರು. ಎಲ್ಲಿ ಕೆಸರು ಮಾಡಿಕೊಂಡೆ ಎಂದು ಹೆಟಿ ಒಮ್ಮೆಯೂ ಕೇಳಿರಲಿಲ್ಲ. ಅಜ್ಜಿ ಇಲ್ಲಿ ಕಿವಿಗೊಟ್ಟು ನಿಂತಿರುವಾಗ ಅವಳು ಮುಂಬಾಗಿಲಲ್ಲಿ ಚಪ್ಪಾಳೆಯ ನಡುವೆ ಇರುತ್ತಿದ್ದಳು.

ಅವಳು ಅಜ್ಜಿಯ ತೋಳಿಗೆ ತೋಳು ಸೇರಿಸಿ ನಡೆದಳು.

ಕೊನೆಯ ಕಲ್ಲು ಗುಡ್ಡದ ನೆತ್ತಿಯಲ್ಲಿತ್ತು. ಅಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಇಬ್ಬರು ಚಾರಣಿಗರು ನಕ್ಷೆಯನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸುತ್ತ ನಿಂತಿದ್ದರು. ಎದುರಿಗೆ ಬಂದ ಹೆಟಿಯನ್ನು ನೋಡಿ, ನೀನು ಇದೇ ಊರಿನವಳಾ, ಕಾಲುದಾರಿ ಎಲ್ಲಿದೆ ಎಂದು ಕೇಳಿದರು.

ಹೆಟಿ ಬಾಯಿ ತೆರೆಯುವ ಮೊದಲೇ ಅವಳ ಕೈ ಹಿಡಿದಿದ್ದ ಕಿಟ್ ಉತ್ತರ ಕೊಟ್ಟ.

"ಹೂಂ. ಕಿಟಕಿಗೆ ನನ್ನ ಎತ್ತೋಳು ಇವಳೇ. ಮುಂದಿನ ವರ್ಷಾನೂ ಇವಳೇ."

ಚಾರಣಿಗರಿಗೆ ಏನೂ ಅರ್ಥವಾಗಲಿಲ್ಲ. ಹೆಟಿ ಕೋಲು ಚಾಚಿ ಅವರಿಗೆ ದಾರಿ ತೋರಿಸಿದಳು. ಆ ತಡಮೆ ದಾಟಿ, ಎಡಕ್ಕೆ ಹೋಗಿ, ಹಲಗೆ ಅಲುಗುತ್ತೆ, ನೋಡ್ಕೊಂಡು, ಎಂದಳು. ಆಮೇಲೆ ಅಜ್ಜಿಯ ಚೀಲದಲ್ಲಿ ಉಳಿದಿದ್ದ ಬನ್ ತೆಗೆದು, ಕೆಸರಿನ ಕೈಯಲ್ಲೇ ಹಿಡಿದು, ಹೊಟ್ಟೆ ತುಂಬ ತಿಂದಳು.