ತಿರುಗಿ ಮಲಗುತ್ತಿದ್ದ ಕಲ್ಲು

ನಂಬಿ, ಬಿಡಿ, ನಡೆದದ್ದನ್ನು ಹೇಳುತ್ತೇನೆ. ಗಣಿಯ ನೆಲ ಕೊರೆದು ತೆಗೆದ ದುಂಡು ಕಲ್ಲುತುಂಡುಗಳು ರಾಯಾಪುರದ ನಮ್ಮ ಶೆಡ್ಡಿಗೆ ಬರುತ್ತವೆ. ಅವನ್ನು ಪೆಟ್ಟಿಗೆಯಲ್ಲಿ ಜೋಡಿಸಿ, ಭೂಮಿಯೊಳಗೆ ಪದರಗಳು ಹೇಗಿವೆ ಎಂದು ಓದುವುದು ನನ್ನ ಕೆಲಸ. ಕೆಳಗಿನ ತುದಿ ಯಾವುದೆಂದು ಪ್ರತಿ ತುಂಡಿನ ಮೇಲೂ ಬಾಣ ಬರೆದಿರುತ್ತಾರೆ.

ಒಂದು ತುಂಡು ಮಾತ್ರ ದಿನಾ ಬೆಳಿಗ್ಗೆ, ಬಾಣ ಹಿಂದುಮುಂದಾಗಿ, ತಿರುಗಿ ಮಲಗಿರುತ್ತಿತ್ತು. ಸರಿಪಡಿಸಲು ಎತ್ತಿದರೆ, ಯಾರೋ ಈಗಷ್ಟೇ ಹಿಡಿದು ಬಿಟ್ಟಂತೆ ಬೆಚ್ಚಗೆ.

"ನಾ ಮುಟ್ಟಿಲ್ರಿ ಬಾಯಾರ," ಎಂದರು ಶೆಡ್ ಗುಡಿಸುವ ಹಾಜರಾಬಿ. "ಅದಕ್ಕ ಹಂಗ ಬೇಕಂದ್ರ ಹಂಗ ಇರ್ಲಿ ಬಿಡ್ರಿ."

ಬೇಸತ್ತು ಅದನ್ನು ಹಾಗೇ ಬಿಟ್ಟೆ. ಆಗ ಕಂಡಿತು: ಅದರ ಮುರಿದ ಅಂಚು ಪಕ್ಕದ ತುಂಡಿಗೆ ಕೂದಲೆಳೆ ಸಂದಿಲ್ಲದೆ ಕೂಡಿತ್ತು. ಬಾಣವನ್ನೇ ತಲೆಕೆಳಗಾಗಿ ಬರೆದಿದ್ದರು. ಅಂದರೆ ಅಲ್ಲಿ ಪದರಗಳು ನಾನು ಓದಿದ್ದಕ್ಕೆ ತಲೆಕೆಳಗಾಗಿದ್ದವು. ಗಣಿಯಲ್ಲಿ ಜನ ಕೆಲಸ ಮಾಡುತ್ತಿದ್ದ ಸುರಂಗದ ಕೆಳಗಿದೆ ಎಂದುಕೊಂಡಿದ್ದ ಪುಡಿಗಲ್ಲು ಅದರ ನೆತ್ತಿಯ ಮೇಲಿತ್ತು. ಗಣಿಗೆ ಫೋನು ಮಾಡಿ ಎಲ್ಲರನ್ನೂ ಹೊರಗೆ ಕರೆಸಿದೆ. ಮರುದಿನ ಸುರಂಗ ಕುಸಿಯಿತು. ಒಳಗೆ ಒಬ್ಬರೂ ಇರಲಿಲ್ಲ.

ಅಂದಿನಿಂದ ಚಪ್ಪಲಿ ಹೊರಗೆ ಬಿಟ್ಟು ಶೆಡ್ಡಿಗೆ ಹೋಗುತ್ತೇನೆ, ಕೈಮುಗಿಯುತ್ತೇನೆ. ಯಾರಿಗೆಂದು ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಹೊಸ ಸುರಂಗದ ಪೆಟ್ಟಿಗೆಯಲ್ಲಿ ಒಂದು ತುಂಡು ತಿರುಗಿತ್ತು. ಮೊದಲು ಫೋನು ಮಾಡಿದೆ, ಆಮೇಲೆ ಮುಟ್ಟಿದೆ. ಬೆಚ್ಚಗಿತ್ತು.