ಕಾರ್ಲ ಅಂದ್ರೆ ಕಾರ್ಕಳ

"ಕಾರ್ಲ ಕಾರ್ಲ ಕಾರ್ಲಾ! ಸೀಟ್ ಉಂಟು, ಸೀಟ್ ಉಂಟು, ಬನ್ನಿ ಬನ್ನಿ!"

ಕಂಡಕ್ಟರ್ ಯಶ್ವಂತಣ್ಣ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಒಂದೇ ಉಸಿರಿಗೆ ಕೂಗುತ್ತಿದ್ದ. ನಾನೇನು ಕಡಿಮೆ ಎಂಬಂತೆ ಪಕ್ಕದ ಬಸ್ಸಿನವನು "ಕಟಪಾಡಿ ಕಾಪು, ಕಟಪಾಡಿ ಕಾಪೂ!" ಎಂದ. ಅದರಾಚೆ "ಮಣಿಪಾಲ್ ಮಣಿಪಾಲ್!" ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಆ ಬೆಳಿಗ್ಗೆ ಕಿವಿ ಮುಚ್ಚಿಕೊಳ್ಳದೆ ನಿಲ್ಲುವ ಹಾಗೇ ಇರಲಿಲ್ಲ.

ಮತ್ತೆ ಸುಮ್ಮನೆಯಾ! ಹೇಳಿ ಕೇಳಿ ರಾಜ್ಯಮಟ್ಟದ ಶಾಲಾ ಕ್ರೀಡಾಕೂಟ. ಓಟ, ಜಿಗಿತ ಎಲ್ಲ ಉಡುಪಿಯಲ್ಲಿ. ಬ್ಯಾಡ್ಮಿಂಟನ್ ಮಣಿಪಾಲದಲ್ಲಿ, ವಾಲಿಬಾಲ್ ಕಾಪುವಿನಲ್ಲಿ, ಕಬಡ್ಡಿ ಕಾರ್ಕಳದಲ್ಲಿ. ಬೀದರಿನಿಂದ ಹಿಡಿದು ಚಾಮರಾಜನಗರದವರೆಗಿನ ಮಕ್ಕಳು ಬಂದು ಇಳಿದಿದ್ದರು. ಅವರನ್ನೆಲ್ಲ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ಬಸ್ಸಿನವರ ಕೆಲಸ. ಅದಕ್ಕೇ ಬಸ್ಸುಗಳಿಗೆ ಮದುಮಗಳ ಕಳೆ! ತೊಳೆದು, ಒರೆಸಿ, ಗಾಜಿನೊಳಗೆ ಮಲ್ಲಿಗೆ ಮಾಲೆ ತೂಗಿಸಿ, ಹಣೆಗೆ "ಕ್ರೀಡಾಪಟುಗಳಿಗೆ ಸ್ವಾಗತ" ಎಂಬ ದೊಡ್ಡ ಬ್ಯಾನರ್ ಕಟ್ಟಿದ್ದರು. ಊರಿನ ಹೆಸರಿನ ಬೋರ್ಡು ಆ ಬ್ಯಾನರಿನ ಅಡಿಗೆ ಹೋದದ್ದು ಸಂಭ್ರಮದಲ್ಲಿ ಯಾರ ತಲೆಗೂ ಹೋಗಲಿಲ್ಲ.

ಹೊರಗಿನಿಂದ ಬಂದವರಿಗೆ ದಾರಿ ಹೇಳಲು ಹತ್ತಿರದ ಶಾಲೆಯ ಮಕ್ಕಳನ್ನು ನಿಲ್ಲಿಸಿದ್ದರು. ಆರನೇ ಕ್ಲಾಸಿನ ಮಹಾಲಕ್ಷ್ಮಿ ಹಳದಿ ಟೊಪ್ಪಿ ಹಾಕಿ, ಎದೆಯ ಮೇಲಿನ ಬ್ಯಾಡ್ಜನ್ನು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಅವಳ ಜೀವದ ಗೆಳತಿ ಶ್ರೇಯಾ.

ಮಹಾಲಕ್ಷ್ಮಿಯ ಮನೆಯವರು ಗಜೇಂದ್ರಗಡದ ಕಡೆಯವರು. ಅಪ್ಪ ಚಂದಪ್ಪ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ, ಅವ್ವ ಅಂಬವ್ವ ಮಣಿಪಾಲದ ಒಂದು ಹಾಸ್ಟೆಲಿನ ಅಡುಗೆಮನೆಗೆ. ಮೂರನೇ ಕ್ಲಾಸಿನಲ್ಲಿ ಇದ್ದಾಗ ಒಮ್ಮೆ ಮಹಾಲಕ್ಷ್ಮಿ, "ಹೌದ್ರಿ ಟೀಚರ್, ಬರಕೊಂಡೀನ್ರಿ" ಎಂದದ್ದಕ್ಕೆ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಆಮೇಲೆ ತುಂಬ ದಿನ ಅವಳ ಹೆಸರೇ 'ರೀ' ಆಗಿಹೋಗಿತ್ತು. ಅಂದಿನಿಂದ ಮನೆಮಾತು ಮನೆಯಲ್ಲೇ. ಹೊಸ್ತಿಲು ದಾಟಿದರೆ "ಉಂಟು", "ಎಂತ", "ಅಲ್ವಾ" ಮಾತ್ರ. ಹೋದ ವರ್ಷವಷ್ಟೇ ಶಾಲೆಗೆ ಸೇರಿದ ಶ್ರೇಯಾಳಿಗಂತೂ ಇದು ಯಾವುದೂ ಗೊತ್ತಿರಲಿಲ್ಲ.

"ತಂಗೀ, ಕಾರ್ಕಳ ಗಾಡಿ ಎಲ್ಲಿ ನಿಲ್ತೈತಿ?"

ಮಹಾಲಕ್ಷ್ಮಿ ತಿರುಗಿ ನೋಡಿದಳು. ಹಸಿರು ಜೆರ್ಸಿ ಹಾಕಿದ ಎತ್ತರದ ಹುಡುಗಿ. ಕೊಪ್ಪಳದ ಕಬಡ್ಡಿ ಟೀಮಿನ ಕ್ಯಾಪ್ಟನ್ ಹುಲಿಗೆಮ್ಮ. ಹಿಂದೆ ಅವಳ ಟೀಮು, ಜೊತೆಗೆ ಪರಮಾನಂದ ಸರ್. ಆ "ಐತಿ" ಕೇಳಿದ ಕೂಡಲೇ ಮಹಾಲಕ್ಷ್ಮಿಗೆ ಅವ್ವನೇ ಮಾತಾಡಿದ ಹಾಗಾಯಿತು. ಆದರೆ ಪಕ್ಕದಲ್ಲಿ ಶ್ರೇಯಾ ಇದ್ದಳಲ್ಲ!

"ಇಲ್ಲೇ ನಿಲ್ಲಿ. ಕಂಡಕ್ಟರ್ ಊರಿನ ಹೆಸರು ಹಿಡಿದು ಕರೀತಾರೆ. ಕರೆದ ಕೂಡಲೇ ಹತ್ತಿ," ಎಂದಳು ನೆಟ್ಟಗೆ ನಿಂತು.

ಹುಲಿಗೆಮ್ಮ ಅವಳ ಮುಖ ನೋಡಿ ನಕ್ಕಳು. "ನೀ ನಮ್ಮ ಕಡಿಯಾಕಿ ಇದ್ದಂಗ ಕಾಣ್ತಿ. ಯಾವೂರವಾ ನಿಂದು?"

"ಉಡುಪಿ," ಎಂದವಳೇ ಮಹಾಲಕ್ಷ್ಮಿ ಶ್ರೇಯಾಳ ಕೈ ಹಿಡಿದು ಅಲ್ಲಿಂದ ಜಾಗ ಖಾಲಿ ಮಾಡಿದಳು.

ಅವಳು ಹೇಳಿದಂತೆಯೇ ಕಂಡಕ್ಟರ್ ಕರೆದ. ಗಂಟಲು ಹರಿಯುವ ಹಾಗೆ ಕರೆದ. ಆದರೆ ಕರೆದದ್ದು "ಕಾರ್ಲ". ತುಳು ಮಾತಾಡುವ ಈ ಊರಲ್ಲಿ ಕಾರ್ಕಳಕ್ಕೆ ಕಾರ್ಲ ಎನ್ನುವುದು ತೊಟ್ಟಿಲ ಕೂಸಿಗೂ ಗೊತ್ತು. ಕೊಪ್ಪಳದವರಿಗೆ ಹೇಗೆ ಗೊತ್ತಾಗಬೇಕು ಪಾಪ! ಕಾರ್ಲ ಅಂದರೆ ಬೇರೆ ಯಾವುದೋ ಊರು ಅಂದುಕೊಂಡರು. ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಹೇಳಿದ ಮಾತು ಕೇಳುವ ಮಕ್ಕಳು, ನಿಂತಲ್ಲೇ ನಿಂತಿದ್ದರು.

ಸ್ವಲ್ಪ ಹೊತ್ತಿಗೆ ಬಸ್ ಸ್ಟ್ಯಾಂಡಿನ ಟೈಮ್ ಕೀಪರ್ ಲಿಯೋನೆಲ್ ಅಂಕಲ್ ಬೆವರು ಒರೆಸುತ್ತಾ ಬಂದರು.

"ಕಬಡ್ಡಿಯವರು ಯಾರಾದ್ರೂ ಬಾಕಿ ಉಂಟಾ ಮಕ್ಕಳೇ? ಯಶ್ವಂತನ ಈ ಬಸ್ ಬಿಟ್ಟರೆ ಮ್ಯಾಚಿಗೆ ಮುಟ್ಟುವ ಬೇರೆ ಬಸ್ ಇಲ್ಲ. ಹೊತ್ತಿಗೆ ಹೋಗದಿದ್ರೆ ಆಟವೇ ಇಲ್ಲ, ಎದುರಿನ ಟೀಮ್ ಗೆದ್ದ ಹಾಗೆ."

"ಎಲ್ಲ ಹೋಗಿ ಆಯ್ತು ಅಂಕಲ್," ಎಂದಳು ಶ್ರೇಯಾ.

ಮಹಾಲಕ್ಷ್ಮಿ ಸುಮ್ಮನೆ ಆಚೆ ಕಣ್ಣು ಹಾಯಿಸಿದಳು. ಕಂಬದ ಹತ್ತಿರ ಹಸಿರು ಜೆರ್ಸಿ. ಅಯ್ಯೋ ದೇವರೇ! ಅವಳು ಎದ್ದು ಬಿದ್ದು ಓಡಿದಳು.

"ಸರ್, ಸರ್! ಕಾರ್ಲ ಬಸ್ ಹೋಗ್ತಾ ಉಂಟು! ಹತ್ತಿ!"

"ನಮಗ ಕಾರ್ಲ ಬ್ಯಾಡವಾ, ಕಾರ್ಕಳ ಬೇಕು," ಎಂದರು ಪರಮಾನಂದ ಸರ್. ಅವರ ಮುಖ ಬಾಡಿತ್ತು. "ಹೊತ್ತು ಹೊಂಟ್ರೂ ಕಾರ್ಕಳ ಅಂತ ಒಬ್ರೂ ಒದರವಲ್ರಲ್ಲ!"

ಅತ್ತ ಯಶ್ವಂತಣ್ಣ ಬಸ್ಸಿನ ಮೈಗೆ ಎರಡು ಏಟು ಕೊಟ್ಟು, "ರೈಟ್ ಪೋಯಿ!" ಎಂದೇ ಬಿಟ್ಟ. ಬಸ್ಸು ಮೆಲ್ಲಗೆ ಹೊರಟಿತು. ಹುಲಿಗೆಮ್ಮ ಬ್ಯಾಗನ್ನು ಎದೆಗೆ ಅವಚಿಕೊಂಡು ದಾರಿ ನೋಡುತ್ತಿದ್ದಳು. ತಾನು ಹೇಳಿದ್ದಕ್ಕೇ ಇವರು ಇಲ್ಲಿ ನಿಂತದ್ದು ಎಂದು ಮಹಾಲಕ್ಷ್ಮಿಗೆ ಹೊಳೆಯಿತು. ಶ್ರೇಯಾ, ಕ್ಲಾಸು, 'ರೀ' ಯಾವುದೂ ಆಗ ನೆನಪಿಗೆ ಬರಲಿಲ್ಲ.

"ಕಾರ್ಲ ಅಂದ್ರ ಕಾರ್ಕಳಾನ ರೀ ಸರ! ಅದ ಗಾಡಿ ಐತಿ! ಅಕ್ಕಾರ, ಓಡ್ರಿ! ಲಗೂ ಓಡ್ರಿ, ಹತ್ರಿ!"

ಅಷ್ಟು ದೊಡ್ಡ ಬಾಯಿ ಆ ಪುಟ್ಟ ಹುಡುಗಿಗೆ ಎಲ್ಲಿಂದ ಬಂತೋ! ಇಡೀ ಬಸ್ ಸ್ಟ್ಯಾಂಡು ತಿರುಗಿ ನೋಡಿತು. ಅವಳು ಬಸ್ಸಿನ ಪಕ್ಕದಲ್ಲೇ ಓಡಿ, "ಯಶ್ವಂತಣ್ಣಾ, ನಿಂದರ್ಸ್ರಿ! ಗಾಡಿ ನಿಂದರ್ಸ್ರಿ!" ಎಂದು ತಗಡಿಗೆ ಪಟಪಟ ಬಡಿದಳು. ಯಶ್ವಂತಣ್ಣನಿಗೆ ಮಾತು ಅರ್ಥವಾಯಿತೋ ಬಿಟ್ಟಿತೋ, ಬಡಿತ ಅರ್ಥವಾಯಿತು. ಸೀಟಿ ಊದಿದ. ಹಸಿರು ಜೆರ್ಸಿಗಳು ದಬದಬ ಹತ್ತಿದವು.

ಕೊನೆಗೆ ಹತ್ತಿದ ಹುಲಿಗೆಮ್ಮ ಬಾಗಿಲಿನಿಂದ ಇಣುಕಿ, "ಉಡುಪಿ ಅಂದ್ಯಲ್ಲ, ಕಳ್ಳಿ!" ಎಂದು ನಕ್ಕಳು.

"ಗಜೇಂದ್ರಗಡ ನಮ್ದು! ಗೆದ್ದು ಬರ್ರಿ ಅಕ್ಕಾ!" ಎಂದು ಮಹಾಲಕ್ಷ್ಮಿ ಹೋಗುವ ಬಸ್ಸಿನ ಹಿಂದೆ ಕೂಗಿದಳು.

ತಿರುಗಿದರೆ ಶ್ರೇಯಾ ಬಾಯಿ ಬಿಟ್ಟುಕೊಂಡು ನಿಂತಿದ್ದಾಳೆ.

"ಅದೆಂತ ಮಾತು ನಿಂದು?"

"ನಮ್ಮ ಮನೆಯದ್ದು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

"ನೀನು ನಗಾಡ್ತೀ ಅಂತ."

ಶ್ರೇಯಾ ಸ್ವಲ್ಪ ಯೋಚಿಸಿದಳು. "ಮೊದಲಾಗಿದ್ರೆ ನಗಾಡ್ತಿದ್ದೆನೋ ಏನೋ," ಎಂದಳು. "ಆದ್ರೆ ನೀನು ಹಾಗೆ ಕೂಗಿದ್ದಕ್ಕೇ ಅಲ್ವಾ ಅವರು ಹತ್ತಿದ್ದು." ಹೇಳಿ, ಓಟದಲ್ಲಿ ಬಿದ್ದ ಟೊಪ್ಪಿಯನ್ನು ಹೆಕ್ಕಿ ಗೆಳತಿಯ ತಲೆಗೆ ಹಾಕಿದಳು.

ಮಧ್ಯಾಹ್ನ ಯಶ್ವಂತಣ್ಣನ ಬಸ್ಸು ವಾಪಸ್ ಬಂತು. ಅದು ನಿಲ್ಲುವ ಮೊದಲೇ ಅವನು ಹಾರಿ ಇಳಿದ.

"ಮುಟ್ಟಿಸಿದೆವು ಮಾರಾಯ್ತಿ! ಡ್ರೈವರ್ ಜೋಕಿಮಣ್ಣ ನೇರ ಮೈದಾನದ ಬಾಗಿಲಿಗೇ ಕೊಂಡುಹೋಗಿ ನಿಲ್ಲಿಸಿದ್ರು. ನಡುದಾರಿಯ ಹಿರಿಯಡ್ಕದಲ್ಲಿ ಎಷ್ಟೊಂದು ಜನ ಬಸ್ಸಿಗೆ ಕಾಯ್ತಾ ಇದ್ರು ಗೊತ್ತುಂಟಾ? ಆಟದ ಮಕ್ಕಳಿದ್ದಾರೆ, ಲೇಟಾಯ್ತು ಅಂದದ್ದೇ ತಡ, ನಿಲ್ಲಿಸಬೇಡಿ, ಹೋಗಿ ಹೋಗಿ ಅಂತ ಅವರೇ ಕೈ ಬೀಸಿದ್ರು. ನಾವು ಈಚೆ ಹೊರಡುವಾಗ ನಿನ್ನ ಹಸಿರಿನವರು ಮೊದಲನೇ ಮ್ಯಾಚ್ ಗೆದ್ದಾಗಿತ್ತು!"

ಮಹಾಲಕ್ಷ್ಮಿಗೂ ಶ್ರೇಯಾಳಿಗೂ ಕುಣಿಯಲು ಅಷ್ಟೇ ಸಾಕಾಯಿತು. ಲಿಯೋನೆಲ್ ಅಂಕಲ್ ಮಾತ್ರ ಬಸ್ಸಿನ ಹಣೆಯನ್ನೇ ನೋಡುತ್ತಾ ನಿಂತರು.

"ಸ್ವಾಗತ ಕಟ್ಟುವ ಗಡಿಬಿಡಿಯಲ್ಲಿ ಊರನ್ನೇ ಮುಚ್ಚಿಬಿಟ್ಟಿದ್ದೇವಲ್ಲ ಮಾರಾಯ!" ಎಂದು ತಲೆ ಚಚ್ಚಿಕೊಂಡರು. ಕತ್ತರಿ ತರಿಸಿದರು. ಒಂದೊಂದೇ ಬ್ಯಾನರಿಗೆ ಕಿಟಕಿ ಬಂತು, ಒಳಗಿಂದ ಕಾರ್ಕಳ, ಕಾಪು, ಮಣಿಪಾಲ ಇಣುಕಿದವು.

ಯಶ್ವಂತಣ್ಣನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ನೀನು ಬೆಳಿಗ್ಗೆ ಕೂಗಿದ್ದು ಎಂತ? ನಮಗೂ ಕಲಿಸು."

"ಬರ್ರಿ ಅಕ್ಕಾರ, ಬರ್ರಿ ಅಣ್ಣಾರ, ಲಗೂ ಹತ್ರಿ."

"ಬರ್ರಿ ಅಕ್ಕಾರ, ಲಗ್ಗು ಹತ್ರಿ!"

"ಲಗ್ಗು ಅಲ್ಲ ಅಣ್ಣಾ, ಲಗೂ!"

ಕಂಡಕ್ಟರುಗಳಿಗೆ ಕೂಗುವುದನ್ನು ಕಲಿಸಬೇಕೇ? ಬಿಸಿಲು ಇಳಿಯುವುದರೊಳಗೆ ಬಸ್ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಯವರೆಗೆ "ಕಾರ್ಲ ಕಾರ್ಕಳ, ಬರ್ರಿ ಬರ್ರೀ!" ಬಳ್ಳಾರಿ, ವಿಜಯಪುರದ ಮಕ್ಕಳು ಕೇಳಿದ ಕೂಡಲೇ ನಗುನಗುತ್ತಾ ಹತ್ತುತ್ತಿದ್ದರು. ಮಹಾಲಕ್ಷ್ಮಿಗೆ ಹೆಮ್ಮೆಯಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಸಂಜೆ ಅವ್ವ ಕೆಲಸ ಮುಗಿಸಿ ಅವಳನ್ನು ಕರೆದುಕೊಂಡು ಹೋಗಲು ಬಂದಳು. ಮಣಿಪಾಲದ ಬಸ್ಸು ಹತ್ತಿ ಇಂದ್ರಾಳಿಯಲ್ಲಿ ಇಳಿದರೆ ಮನೆ. ಬಸ್ ಸ್ಟ್ಯಾಂಡಿನಲ್ಲಿ ಅವ್ವ ಯಾವಾಗಲೂ ಹಾಗೆಯೇ, ಸೆರಗು ಹಿಡಿದುಕೊಂಡು ಬದಿಗೆ ನಿಲ್ಲುವಳು. ಎಲ್ಲರೂ ಹತ್ತಿದ ಮೇಲೆ ತಾನು. ಯಾರಾದರೂ ಏನಾದರೂ ಕೇಳಿದರೆ ತಲೆ ಆಡಿಸುವಳೇ ಹೊರತು ಬಾಯಿ ಬಿಡುವವಳಲ್ಲ. ಅದು ಯಾಕೆಂದು ಮಹಾಲಕ್ಷ್ಮಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮಣಿಪಾಲ ಬಸ್ಸಿನ ಕಂಡಕ್ಟರ್ ಕ್ಲಾಯ್ಡ್ ಬಾಗಿಲಿನಿಂದ ಬಾಗಿ, ಅವ್ವನತ್ತ ಕೈ ಬೀಸಿದ.

"ಬರ್ರಿ ಅಕ್ಕಾರ! ಲಗೂ ಹತ್ರಿ! ಮುಂದೆ ಸೀಟ್ ಐತಿ!"

ಅವ್ವ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ಯಾರ್ನ ಕರ್ಯಾಕತ್ತಾನವಾ ಅಂವಾ?" ಎಂದಳು ಪಿಸುಮಾತಿನಲ್ಲಿ.

"ನಿನ್ನನ್ನ ಬೇ!" ಎಂದಳು ಮಹಾಲಕ್ಷ್ಮಿ. "ನಡಿ, ಹತ್ತು. ಮುಂದ ಕುಂದ್ರೂಣು."

ಅವ್ವ ಮೊದಲ ಬಾರಿಗೆ ಮುಂದಿನ ಸೀಟಿನಲ್ಲಿ ಕುಳಿತಳು. ಇಂವಾ ನಮ್ಮ ಕಡಿಯಾಂವೇನು, ನಮ್ಮ ಮಾತು ಇವರಿಗೆ ಯಾರು ಕಲಿಸಿದರು ಎಂದು ಒಂದರ ಮೇಲೊಂದು ಕೇಳತೊಡಗಿದಳು. ಬಸ್ಸು ತುಂಬಿ ತುಳುಕುತ್ತಿತ್ತು. ಇಂದ್ರಾಳಿ ಬರುವವರೆಗೂ ಮಹಾಲಕ್ಷ್ಮಿ ಅವ್ವನಿಗೆ ಮನೆಮಾತಿನಲ್ಲೇ, ಗಟ್ಟಿಯಾಗಿಯೇ ಉತ್ತರ ಹೇಳಿದಳು.